ಗಂಧ ಮೆತ್ತಿದ ಕಣ್ಣು

"ಗುರುಗಳೇ, ನಮ್ಮ ಕಂಪನಿಯ ಆರು ಕಟ್ಟಡಗಳ ಉಸ್ತುವಾರಿ ನನ್ನದು. ಯಾವ ಕೋಣೆಯಲ್ಲಿ ಜನರಿದ್ದಾರೆ, ಯಾವುದು ಖಾಲಿ ಬಿದ್ದಿದೆ ಎಂದು ತೋರಿಸುವ ಯಂತ್ರ ತರಿಸಿ ವರ್ಷವಾಯಿತು. ನಮ್ಮವರು ಅದನ್ನು ಹತ್ತಿರ ಸೇರಿಸುತ್ತಿಲ್ಲ. ತಿಳಿಸಿ ಹೇಳಿದೆ, ಗದರಿಸಿಯೂ ನೋಡಿದೆ. ಇವರನ್ನು ದಾರಿಗೆ ತರುವುದು ಹೇಗೆ?" ಎಂದು ರೇವಣಸಿದ್ಧನೆಂಬ ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವರ್ತಕನಿದ್ದ. ದೇಶವಿಡೀ ಬಟ್ಟೆ ಕಳಿಸುವ ಕಂಪನಿ ಅವನದು. ಐದು ಅಂತಸ್ತಿನ ಕಚೇರಿ, ಅದರೊಳಗೆ ಮುನ್ನೂರು ಜನ. ನೆಲಮಹಡಿಯಲ್ಲಿ ಒಂದು ಮಕ್ಕಳ ಕೋಣೆಯಿತ್ತು. ಕೆಲಸಕ್ಕೆ ಬರುವ ತಾಯಂದಿರು ಕೂಸುಗಳನ್ನು ಅಲ್ಲಿ ಬಿಟ್ಟು ಮೇಲೆ ಹೋಗುತ್ತಿದ್ದರು, ಮಧ್ಯಾಹ್ನ ಇಳಿದು ಬಂದು ಹಾಲೂಡಿಸುತ್ತಿದ್ದರು.

ವ್ಯಾಪಾರ ಬೆಳೆಯಿತು. ಹೊಸದಾಗಿ ನಲವತ್ತು ಜನ ಸೇರುವವರಿದ್ದರು. ಅವರನ್ನು ಕೂರಿಸಲು ಜಾಗವಿಲ್ಲ ಎಂದರು ವಿಭಾಗಗಳ ಮುಖ್ಯಸ್ಥರು. ದೊಡ್ಡವರಿಗೆ ಜಾಗ ಸಾಲದಾದಾಗ ಮೊದಲು ಕಣ್ಣಿಗೆ ಬೀಳುವುದು ಚಿಕ್ಕವರ ಜಾಗ ತಾನೇ? ಮಕ್ಕಳ ಕೋಣೆಯನ್ನು ತೆಗೆದುಬಿಡೋಣ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು.

ಕಟ್ಟಡ ನೋಡಿಕೊಳ್ಳುವ ಕೆಲಸ ಒಬ್ಬ ಹೆಂಗಸಿನದು. ಆ ಕೋಣೆ ಹೋದರೆ ಹನ್ನೆರಡು ಜನ ತಾಯಂದಿರು ಕೆಲಸ ಬಿಡಬೇಕಾಗುತ್ತದೆಂದು ಅವಳಿಗೆ ಗೊತ್ತಿತ್ತು. ಜಾಗ ಹುಡುಕಿ ಕೊಡುತ್ತೇನೆಂದು ಹೇಳಿ ವರ್ತಕನಿಂದ ಒಂದು ತಿಂಗಳ ಗಡುವು ಪಡೆದಳು, ಯಂತ್ರ ತರಿಸಿದಳು. ಪ್ರತಿ ಕೋಣೆಯ ಗೋಡೆಯ ಮೇಲೂ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಕಣ್ಣು. ಅದು ಮುಖ ನೋಡುವುದಿಲ್ಲ, ಮಾತು ಕೇಳುವುದಿಲ್ಲ. ಒಳಗೆ ಯಾರಾದರೂ ಇದ್ದರೆ ಮೈಯ ಬಿಸಿಯಿಂದ ಅರಿತು, ಅವಳ ಮುಂದಿನ ಪರದೆಯಲ್ಲಿ ಆ ಕೋಣೆಯ ದೀಪ ಹತ್ತಿಸುತ್ತದೆ. ಅಷ್ಟೇ ಅದರ ಕೆಲಸ.

ಅಷ್ಟಕ್ಕೇ, ಖಾಲಿಯೆಂದು ತಿಳಿದರೆ ತಮ್ಮ ಕೋಣೆ ಕೈಬಿಟ್ಟು ಹೋದೀತೆಂದು ಮುಖ್ಯಸ್ಥರಿಗೆ ದಿಗಿಲಾಯಿತು. ಕೆಲವರು ಕುರ್ಚಿಗೆ ಕೋಟು ತೂಗುಹಾಕಿ ಹೊರಗೆ ಹೋದರು. ಕೋಟಿಗೆ ಬಿಸಿಯೆಲ್ಲಿಂದ ಬರಬೇಕು? ದೀಪ ಹತ್ತಲಿಲ್ಲ. ಅಷ್ಟರಲ್ಲಿ ಆಯುಧಪೂಜೆ ಬಂತು. ಅಂದು ಅವರಿಗೆ ಎಲ್ಲಿಲ್ಲದ ಭಕ್ತಿ. ಒಬ್ಬೊಬ್ಬರೂ ತಮ್ಮ ತಮ್ಮ ಕೋಣೆಯ ಯಂತ್ರಕ್ಕೆ ತಾವೇ ಹೂವೇರಿಸಿ, ಸರಿಯಾಗಿ ಅದರ ಕಣ್ಣಿನ ಮೇಲೆ ಗಂಧ ಮೆತ್ತಿ, ಕುಂಕುಮವಿಟ್ಟು ಕೈಮುಗಿದರು. ವರ್ತಕನ ಕೋಣೆಯ ಯಂತ್ರಕ್ಕೂ ದಪ್ಪಗೆ ಮೆತ್ತಿದರು. ಮರುದಿನದಿಂದ ಜನ ತುಂಬಿದ ಕೋಣೆಯೂ ಖಾಲಿಯೆಂದೇ ಪರದೆಯಲ್ಲಿ ತೋರಿತು. ಯಂತ್ರವೇ ಸುಳ್ಳು ಹೇಳುತ್ತಿದೆ ಎಂದು ಮುಖ್ಯಸ್ಥರು ನಕ್ಕರು. ಗಂಧ ಒರೆಸಲು ಹೋದ ಹೆಂಗಸನ್ನು, ಪೂಜೆ ಮಾಡಿದ್ದನ್ನು ಒರೆಸುವುದು ಅಪಚಾರವೆಂದು ಗದರಿದರು.

ಗಡುವಿಗೆ ಒಂದು ವಾರ ಉಳಿದಿತ್ತು. ಅವಳು ವರ್ತಕನ ಬಳಿ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು.

"ಅದಕ್ಕೇನಮ್ಮ, ಎಲ್ಲರ ಕೋಣೆಯದನ್ನೂ ಒರೆಸಿಬಿಡು. ನಾನು ಹೇಳಿದೆ ಅಂತ ಹೇಳು" ಎಂದ ವರ್ತಕ.

"ನಿಮ್ಮ ಕೋಣೆಯದರ ಮೇಲೂ ಇದೆ, ಯಜಮಾನ್ರೇ."

ವರ್ತಕ ತಲೆಯೆತ್ತಿ ನೋಡಿದ. ಗಂಧ ಒಣಗಿ ಬಿರುಕು ಬಿಟ್ಟಿತ್ತು. ಅವನ ಕೋಣೆ ಐದನೆಯ ಅಂತಸ್ತಿನ ಅರ್ಧವನ್ನು ನುಂಗಿತ್ತು. ಆ ಕೋಣೆಯೆಂದರೆ ಅವನಿಗೆ ಬಲು ಮೋಹ. ಆದರೂ ಕುರ್ಚಿ ಎಳೆದು, ಮೇಲೆ ಹತ್ತಿ ನಿಂತು, ಕರವಸ್ತ್ರದಿಂದ ತಾನೇ ಆ ಕಣ್ಣನ್ನು ಒರೆಸಿದ.

ಆ ವಾರದಲ್ಲಿ ಅವನ ಕೋಣೆಯ ದೀಪ ಹತ್ತಿದ್ದು ಮೂರೇ ಗಂಟೆ. ವರ್ತಕನಿಗೆ ನಾಚಿಕೆಯಾಯಿತು. ಆದರೂ ಮುಚ್ಚಿಡಲಿಲ್ಲ. ಮುಖ್ಯಸ್ಥರನ್ನೆಲ್ಲ ಕರೆಸಿ, ಬೇರೆ ಯಾರ ಮಾತನ್ನೂ ಎತ್ತದೆ, ತನ್ನ ಮೂರು ಗಂಟೆಯನ್ನಷ್ಟೇ ತೋರಿಸಿದ. ಹೊಸಬರು ನಾಳೆಯಿಂದ ಇಲ್ಲೇ ಕೂರಲಿ, ತನಗೆ ಅವರ ನಡುವೆ ಒಂದು ಮೇಜು ಸಾಕು ಎಂದ.

ಮರುದಿನ ಬೆಳಿಗ್ಗೆ ಹೆಂಗಸು ಬಂದು ನೋಡುತ್ತಾಳೆ, ಮುಖ್ಯಸ್ಥರೆಲ್ಲ ಒದ್ದೆ ಬಟ್ಟೆ ಹಿಡಿದು ಕುರ್ಚಿಗಳ ಮೇಲೆ ನಿಂತಿದ್ದಾರೆ! ಅಪಚಾರದ ಮಾತು ಯಾರ ಬಾಯಲ್ಲೂ ಇಲ್ಲ. ಹದಿನೈದು ದಿನದಲ್ಲಿ ಬಳಸದ ಒಂಬತ್ತು ಕೋಣೆಗಳು ಸಿಕ್ಕವು. ನಲವತ್ತು ಜನ ಕುಳಿತ ಮೇಲೂ ಜಾಗ ಮಿಕ್ಕಿತು. ಮಕ್ಕಳ ಕೋಣೆಯ ಪಕ್ಕದಲ್ಲಿದ್ದ ಸಭೆಯ ಕೋಣೆಯ ದೀಪ ಒಂದು ಸಲವೂ ಹತ್ತಿರಲಿಲ್ಲ. ನಡುವಿನ ಗೋಡೆ ಒಡೆಸಿ ಅದನ್ನೂ ಮಕ್ಕಳಿಗೇ ಕೊಟ್ಟರು. ತಾಯಂದಿರು ಆ ಹೆಂಗಸನ್ನು ತಬ್ಬಿಕೊಂಡು ಕುಣಿದರು. ಅವಳು ಗೆದ್ದಿದ್ದಳು, ಅವಳ ಜೊತೆ ಇಡೀ ಕಟ್ಟಡವೇ ಗೆದ್ದಿತ್ತು. ಕೂಸುಗಳ ಕೇಕೆ ಐದನೆಯ ಅಂತಸ್ತಿನವರೆಗೂ ಕೇಳುತ್ತಿತ್ತು, ಯಾರೂ ಬೇಸರಪಡಲಿಲ್ಲ.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. "ಎಂಥ ಕತೆ ಗುರುಗಳೇ! ನಾಳೆಯೇ ನಮ್ಮವರನ್ನೆಲ್ಲ ಸೇರಿಸಿ ಹೇಳುತ್ತೇನೆ" ಎಂದು ಎದ್ದು ನಿಂತ.

"ಹೇಳುವೆಯಂತೆ. ನಿನ್ನ ಕೋಣೆಯಲ್ಲಿ ಆ ಕಣ್ಣನ್ನು ಯಾವ ಗೋಡೆಗೆ ಹಾಕಿಸಿದ್ದೀಯಪ್ಪ?" ಎಂದರು ಗುರುಗಳು.

"ನನ್ನ ಕೋಣೆಗೆ ಹಾಕಿಸಿಯೇ ಇಲ್ಲ, ಗುರುಗಳೇ" ಎಂದು ಶಿಷ್ಯ ಮತ್ತೆ ಕುಳಿತ.