ಚುಚ್ಚದ ಮುಳ್ಳು

ಹವಳದ ಬಂಡೆಯೊಂದರ ಸಂದಿಯಲ್ಲಿ ನೀಲವ್ವ ಎಂಬ ಪುಟ್ಟ ಮೀನು ಬಾಳುತ್ತಿದ್ದಳು. ಅವಳ ಮರಿಗಳನ್ನೆಲ್ಲ ಸಿಂಹಮೀನೊಂದು ಹಾಡಹಗಲೇ, ನೆರೆಹೊರೆಯವರ ಕಣ್ಣೆದುರೇ ನುಂಗಿಹಾಕಿತು. ನೀಲವ್ವ ಕೆಂಡವಾಗಿ, ಬಂಡೆಗೆಲ್ಲ ಹಿರಿಯದಾದ, ದೊಡ್ಡ ಗಾತ್ರದ ಮುರುಮೀನಿನ ಬಳಿ ನ್ಯಾಯ ಕೇಳಿದಳು.

ಸಿಂಹಮೀನು ತನ್ನ ವಿಷದ ಮುಳ್ಳುಗಳನ್ನು ಬೀಸಣಿಗೆಯಂತೆ ಬಿಚ್ಚಿಕೊಂಡು ಸಭೆಯ ನಡುವೆ ನಿಂತಿತು. "ನನ್ನ ಮುಳ್ಳು ನಿಮ್ಮಲ್ಲಿ ಯಾರನ್ನಾದರೂ ಚುಚ್ಚಿದೆಯೇ? ಹೇಳಿ," ಎಂದಿತು.

"ಇಲ್ಲ," ಎಂದವು ಮೀನುಗಳೆಲ್ಲ, ಹಿಂದೆ ಸರಿಯುತ್ತಾ.

"ಹಾಗಾದರೆ ಇವನದು ತಪ್ಪಿಲ್ಲ," ಎಂದು ಮುರುಮೀನು ತೀರ್ಪು ಕೊಟ್ಟಿತು.

ನೀಲವ್ವನ ಮೈಯೆಲ್ಲ ಉರಿದುಹೋಯಿತು. ಸತ್ತರೂ ಸರಿಯೆಂದು ಹಿಂದಿನಿಂದ ನುಗ್ಗಿ, ಮುಳ್ಳಿಲ್ಲದ ಬಾಲವನ್ನು ಕಚ್ಚಿ ಹಿಡಿದಳು. ಸಿಂಹಮೀನು ಗಿರಗಿರನೆ ಸುತ್ತಿತು, ಬಂಡೆಗೆ ಬಡಿದುಕೊಂಡಿತು, ಅವಳು ಬಿಡಲಿಲ್ಲ. ಕೊನೆಗೆ ಹರಿದ ಬಾಲದೊಂದಿಗೆ ಅದು ಆಳಕ್ಕೆ ಓಡಿಹೋಯಿತು.

ಮೀನುಗಳೆಲ್ಲ ಜಯಕಾರ ಹಾಕುತ್ತಾ ಅವಳನ್ನು ಮುತ್ತಿಕೊಂಡವು. "ನಮ್ಮನ್ನೆಲ್ಲ ಉಳಿಸಿದೆ ತಾಯಿ," ಎಂದಿತು ಮುರುಮೀನು.

"ದೂರ ನಿಲ್ಲಿ," ಎಂದಳು ನೀಲವ್ವ. "ಅವನ ಮುಳ್ಳು ಯಾರನ್ನೂ ಚುಚ್ಚಲಿಲ್ಲ, ನಿಜ. ನೀವೆಲ್ಲ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಾಗ, ಚುಚ್ಚುವ ಅಗತ್ಯವೇ ಅವನಿಗೆ ಬೀಳಲಿಲ್ಲ."

ಹೀಗೆಂದು, ಯಾರತ್ತಲೂ ತಿರುಗಿ ನೋಡದೆ ಬೇರೆ ಬಂಡೆ ಹುಡುಕಿಕೊಂಡು ಹೊರಟುಹೋದಳು.