ಕುಳ್ಳ ಕೆಂಚಯ್ಯನ ತೊಟ್ಟಿಲು

ಹೊಳೆದಂಡೆಯ ಆಶ್ರಮದಲ್ಲಿ ಬುಟ್ಟಿ ಹೆಣೆದುಕೊಂಡು ಪಾಠ ಕೇಳುತ್ತಿದ್ದ ಕೆಂಚಯ್ಯ ಬಲು ಕುಳ್ಳ. ಒಂದು ದಿನ ಅವನು ತೊಟ್ಟಿಲಿಗೆಂದು ಬಿದಿರನ್ನು ಗಿಡ್ಡ ಗಿಡ್ಡವಾಗಿ ಕಡಿಯುತ್ತಿದ್ದಾಗ ಗುರುಗಳು ಬಂದು ನಿಂತರು.

"ಇಷ್ಟು ಚಿಕ್ಕ ತೊಟ್ಟಿಲು ಯಾರಿಗಯ್ಯ, ಬೆಕ್ಕಿನ ಮರಿಗಾ?"

"ನನ್ನ ಮಗುವಿಗೆ, ಬುದ್ಧಿ. ನನ್ನ ಹೆಂಡ್ತಿ ನಿಂಗಮ್ಮ ಈಗ ಐದು ತಿಂಗಳ ಬಸುರಿ. ನಮ್ಮಜ್ಜ ಕುಳ್ಳ. ಅಪ್ಪ ಅಜ್ಜನಿಗಿಂತ ಕುಳ್ಳ. ನಾನು ಅಪ್ಪನಿಗಿಂತ ಕುಳ್ಳ. ಇನ್ನು ಹುಟ್ಟೋದು ಎಷ್ಟಿರುತ್ತೋ, ನೆನೆಸಿಕೊಂಡ್ರೆ ಎದೆ ಡವಡವ ಅನ್ನುತ್ತೆ."

ಗುರುಗಳು ನಗುವನ್ನು ಗಡ್ಡದಲ್ಲೇ ಅಡಗಿಸಿಕೊಂಡರು.

"ಕತ್ತಿ ಕೆಳಗಿಡು. ಹೋಗಿ ಅವರೆ ಬಿತ್ತು. ದಪ್ಪ ಕಾಳಿನದೊಂದು ಸಾಲು, ಸಾಧಾರಣದ್ದೊಂದು, ಸಣ್ಣದೊಂದು. ಆಮೇಲೆ ಹೋಲಿಸಿ ನೋಡೋಕೆ ಒಂದೊಂದರಲ್ಲೂ ಒಂದು ಹಿಡಿ ಬಿತ್ತದೆ ಎತ್ತಿಟ್ಟಿರು."

ಕೆಂಚಯ್ಯ ಬಿತ್ತಿದ. ಸಣ್ಣ ಸಾಲಿಗೆ ನೀರು ಹಾಕುವಾಗಲೆಲ್ಲ ಅವನ ಕರುಳು ಚುರ್ ಎನ್ನುತ್ತಿತ್ತು.

ಕಾಯಿ ಒಣಗುವ ಹೊತ್ತಿಗೆ ನಿಂಗಮ್ಮನಿಗೆ ನೋವು ಕಾಣಿಸಿಕೊಂಡಿತು. ಸೂಲಗಿತ್ತಿ ಕೆಂಚಯ್ಯನನ್ನು ಗುಡಿಸಲಿನಿಂದ ಹೊರಗಟ್ಟಿದಳು. ಕೈ ಸುಮ್ಮನಿರಲಾರದೆ ಅವನು ಅವರೆ ಬಿಡಿಸುತ್ತಾ ಕೂತ. ಬಿಡಿಸಿ, ಎತ್ತಿಟ್ಟ ಹಿಡಿಕಾಳಿನ ಪಕ್ಕ ಇಟ್ಟು ನೋಡಿದಂತೆಲ್ಲ ಮುಖ ಬಾಡಿತು. ಬುಟ್ಟಿಗಳನ್ನು ಹೊತ್ತು ಗುರುಗಳ ಹತ್ತಿರ ಓಡಿದ.

"ತಪ್ಪಾಯ್ತು ಬುದ್ಧಿ, ಬಿತ್ತುವಾಗ ಸಾಲು ಕಲೆಸಿಬಿಟ್ಟಿದ್ದೀನಿ. ದಪ್ಪ ಕಾಳಿನ ಮಕ್ಕಳು ದಪ್ಪವೇ, ಆದ್ರೆ ತಾಯಿಯಷ್ಟಿಲ್ಲ. ಸಣ್ಣ ಕಾಳಿನ ಮಕ್ಕಳು ಸಣ್ಣವೇ, ಆದ್ರೆ ತಾಯಿಗಿಂತ ದಪ್ಪ."

"ನೀನೇನೂ ಕಲೆಸಿಲ್ಲ. ಇಲ್ಲಿ ಸುರಿ."

ಗುರುಗಳು ಮರಳಿನ ಮೇಲೆ ಕಾಳು ಜೋಡಿಸಿದರು. ತಾಯಿ ಕಾಳು ದಪ್ಪವಾದಷ್ಟೂ ಬಲಕ್ಕೆ, ಮಗು ಕಾಳು ದಪ್ಪವಾದಷ್ಟೂ ಮೇಲಕ್ಕೆ. ಆಮೇಲೆ ಅವುಗಳ ನಡುವೆ ಹಾಯುವಂತೆ ಒಂದು ದಾರ ಎಳೆದು ಹಿಡಿದರು. ದಾರ ಮೇಲಕ್ಕೇರಿತ್ತು, ಆದರೆ ಮಕ್ಕಳು ತಾಯಿಯಷ್ಟೇ ಆಗಿದ್ದರೆ ಏರುತ್ತಿದ್ದಷ್ಟು ಕಡಿದಾಗಿರಲಿಲ್ಲ.

"ದಪ್ಪದ ಮಕ್ಕಳೂ ಸಣ್ಣದರ ಮಕ್ಕಳೂ ನಡುವಿನ ಕಡೆಗೇ ವಾಲಿವೆ, ನೋಡು."

ಕೆಂಚಯ್ಯನ ಕಣ್ಣು ತುಂಬಿ ಬಂತು. "ಹಂಗಾದ್ರೆ ನನ್ನ ಮಗು ನನಗಿಂತ ಸ್ವಲ್ಪ ಎತ್ತರ ಆಗುತ್ತೆ ಅನ್ನಿ."

"ದಾರದ ಮೇಲೇ ಕೂತ ಕಾಳು ಎಷ್ಟು, ಎಣಿಸು."

"ಮೂರೇ ಮೂರು, ಬುದ್ಧಿ. ಮಿಕ್ಕವೆಲ್ಲ ಆ ಕಡೆ ಈ ಕಡೆ ಚೆದುರಿವೆ. ಇಗೋ, ಸಣ್ಣ ಸಾಲಿನ ಈ ಕಾಳು ದಪ್ಪ ಸಾಲಿನ ಕೆಲವನ್ನೂ ಮೀರಿಸಿದೆ!"

ಅಷ್ಟರಲ್ಲಿ ಗುಡಿಸಲಿನಿಂದ ಕೂಸಿನ ಅಳು ಕೇಳಿಸಿತು. ಹೊಳೆಯ ಆಚೆ ದಡಕ್ಕೂ ಮುಟ್ಟುವಂಥ ಅಳು. ಕೆಂಚಯ್ಯ ಅಳುತ್ತಲೇ ನಕ್ಕ.

ಗುರುಗಳು ಅಂದು ಕೆಳಗಿಡಿಸಿದ್ದ ಕತ್ತಿಯನ್ನು ಅವನ ಕೈಗಿತ್ತರು.

"ಬಿದಿರನ್ನ ಒಂದು ಗೇಣು ಹೆಚ್ಚೇ ಇಟ್ಟು ಕಡಿಯಯ್ಯ. ಈ ಕಾಳು ದಾರದ ಯಾವ ಕಡೆ ಬೀಳುತ್ತೋ, ಯಾರು ಕಂಡಿದ್ದಾರೆ?"