ಬರೀ ನೀರಿನ ಬಣ್ಣ

ಪ್ರಯೋಗಾಲಯದ ಕಿಟಕಿಯ ಬಳಿ ಎರಡು ಗಾಜಿನ ನಳಿಗೆಗಳು ನಿಂತಿದ್ದವು. ಒಂದರಲ್ಲಿ ನೀರಿನಲ್ಲಿ ಕರಗಿಸಿದ ಉಪ್ಪು, ಇನ್ನೊಂದರಲ್ಲಿ ಹೋಲಿಕೆಗೆಂದು ಇಟ್ಟ ಅದೇ ಬರೀ ನೀರು. ಕಬ್ಬಿಣದ ಅಂಶವಿದ್ದರೆ ಕೆಂಪು ತೋರಿಸುವ ರಸಾಯನವನ್ನು ಪರೀಕ್ಷಕಿ ವಾರಿಜಾ ಎರಡಕ್ಕೂ ಹನಿಸಿದಳು.

ಉಪ್ಪುನೀರು ಕೆಂಪಗಾಯಿತು.

"ಈ ಉಪ್ಪು ಅಡುಗೆಗೆ ಆಗದು. ಮೂಟೆಗಳನ್ನು ಚರ್ಮ ಹದಮಾಡುವವರಿಗೆ ಕೊಟ್ಟುಬಿಡಿ" ಎಂದು ವಾರಿಜಾ ಉಪ್ಪು ತಂದವರಿಗೆ ಹೇಳಿದಳು.

"ಯಾವುದಾದರೂ ಮಗುವಿನ ಗಂಜಿಗೆ ಬೀಳುವ ಆಸೆಯಿತ್ತು" ಎಂದು ಉಪ್ಪು ಮೆಲ್ಲಗೆ ಹೇಳಿತು.

ನೀರು ತನ್ನನ್ನು ನೋಡಿಕೊಂಡಿತು. ತಾನೂ ಹೆಚ್ಚುಕಡಿಮೆ ಅಷ್ಟೇ ಕೆಂಪು.

"ನೀನು ಸುಮ್ಮನಿರು" ಎಂದಿತು ಉಪ್ಪು. "ನಿನ್ನನ್ನು ಶುದ್ಧವೆಂದು ನಂಬಿದ್ದಾರೆ. ಯಾರೂ ನೋಡುವುದಿಲ್ಲ."

ನೀರು ಸುಮ್ಮನಿರಲಿಲ್ಲ. "ಅಮ್ಮಾ, ನನ್ನನ್ನೂ ಬೆಳಕಿಗೆ ಹಿಡಿಯಿರಿ!"

ವಾರಿಜಾ ಹಿಡಿದು ನೋಡಿದಳು. "ಅಯ್ಯೋ, ಕಬ್ಬಿಣ ಇರುವುದು ನೀರಿನಲ್ಲಿ! ಸುಮ್ಮನೆ ಉಪ್ಪಿನ ಮೇಲೆ ತಪ್ಪು ಹೊರಿಸಿದೆನಲ್ಲ!"

ನೀರಿನ ಬಣ್ಣವನ್ನು ಕಳೆದರೆ ಉಪ್ಪಿನ ಪಾಲಿಗೆ ಉಳಿದದ್ದು ಇಲ್ಲವೆನ್ನುವಷ್ಟು. ಮೂಟೆಗಳು ಅಡುಗೆಮನೆಗಳಿಗೆ ಹೊರಟವು. ವಾರಿಜಾ ನೀರನ್ನು ಚೆಲ್ಲಲು ನಳಿಗೆ ಎತ್ತಿಕೊಂಡಳು.

"ನನಗಾಗಿ ನಿನ್ನ ಹೆಸರು ಕೆಡಿಸಿಕೊಂಡೆಯಲ್ಲ" ಎಂದಿತು ಉಪ್ಪು.

"ನನ್ನನ್ನು ನಿನ್ನ ಪಕ್ಕದಲ್ಲಿ ನಿಲ್ಲಿಸಿದ್ದು ಮತ್ತೆ ಯಾತಕ್ಕೆ?" ಎಂದಿತು ನೀರು.